ಹಲ್ಲಿನ ಡಾಕ್ಟರಮ್ಮನ ದೋಣಿ ಶಾಲೆ

ಕೆರೆ, ಮಕ್ಕಳು, ನಮ್ಮ ಡಾಕ್ಟರಮ್ಮ, ಈ ಮೂರೂ ಸೇರಿದ ಕಡೆ ಏನಾದರೊಂದು ಆಗದೇ ಇರುವುದಿಲ್ಲ. ಡಾಕ್ಟರಮ್ಮ ಅಂದರೆ ಹೊಸಪೇಟೆಯ ಹಲ್ಲಿನ ಡಾಕ್ಟರು. ಓದುವಾಗ ಕಾಲೇಜಿನ ರೋಯಿಂಗ್ ತಂಡದಲ್ಲಿದ್ದವರು, ಆ ಹುಚ್ಚು ಇನ್ನೂ ಬಿಟ್ಟಿಲ್ಲ. ಗೆಳೆಯರನ್ನು ಕೂಡಿಸಿಕೊಂಡು ಒಂದು ಸಂಸ್ಥೆ ಕಟ್ಟಿದ್ದಾರೆ. ಬೆಳಿಗ್ಗೆ ಕಮಲಾಪುರದ ಕೆರೆಯಲ್ಲಿ ಮಕ್ಕಳಿಗೆ ದೋಣಿ ನಡೆಸೋದು ಕಲಿಸುತ್ತಾರೆ, ಸಂಜೆ ಅದೇ ಮಕ್ಕಳಿಗೆ ಪಾಠ. ಹೋಂವರ್ಕ್ ಮಾಡದವರು ಮರುದಿನ ಹುಟ್ಟು ಮುಟ್ಟುವ ಹಾಗಿಲ್ಲ.

ನಾನು ರಿಟೈರಾದ ಗಣಿತದ ಮೇಷ್ಟ್ರು. ಚಿತ್ತವಾಡ್ಗಿಯ ಮನೆಯಲ್ಲಿ ಪೇಪರ್ ಓದಿಕೊಂಡು ಹಾಯಾಗಿದ್ದೆ. ಒಂದು ದಿನ ಹಲ್ಲು ತೋರಿಸೋಕೆ ಹೋದೆ. ಡಾಕ್ಟರಮ್ಮ ಬಾಯಿ ತುಂಬಾ ಹತ್ತಿ ತುರುಕಿ, "ಸರ್, ಸಂಜಿಮುಂದ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತೀರಲ್ರಿ?" ಅಂದರು. ನಾನು "ಊಂ ಊಂ" ಅಂದೆ. ಬೇಡ ಅಂತ ನನ್ನ ಅರ್ಥ.

"ಸರ್ ಒಪ್ಪಿದ್ರು" ಅಂತ ಅವರು ನರ್ಸಿಗೆ ಹೇಳಿದರು.

ಬೆನ್ನು ಮಾಡಿ ಕೂತವರು

ಮಕ್ಕಳ ಮನೆಯವರೆಲ್ಲ ಕೆರೆಗೆ ನೋಡೋಕೆ ಬಂದ ಮೊದಲ ದಿನ. ನಾಲ್ಕು ಜನ ಹುಡುಗರು ಹುಟ್ಟು ಹಿಡಿದು ಕೂತಿದ್ದು ನೋಡಿ ಒಬ್ಬ ಅಜ್ಜಿ ಗಾಬರಿಯಾದಳು. "ಯವ್ವಾ, ಹೋಗೋ ಕಡಿ ಬೆನ್ನು ಮಾಡಿ ಕುಂತಾವಲ್ರೀ! ಎಲ್ಲಿಗೆ ಹೊಂಟೀವಂತ ಇವಕ್ಕ ಗೊತ್ತಾಗೋದು ಹೆಂಗ?"

ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು. "ಹಿಂಗ ಕುಂತ್ರನ ಬಲ ಭಾಳ ಬರ್ತೈತಿ ಅಜ್ಜಿ. ಅವರ ಎದುರಿಗೆ ಒಬ್ಬ ಹುಡುಗಿ ಕುಂತಾಳ ನೋಡ್ರಿ, ಆಕಿಗೆ ದಾರಿ ಕಾಣ್ತೈತಿ. ಆಕಿ ಹೇಳಿದಂಗ ಇವರು ಎಳೀತಾರ."

ಅಜ್ಜಿ ನಿಟ್ಟುಸಿರು ಬಿಟ್ಟಳು. "ಗಂಡಸರು ಎಳಿಯೋದು, ದಾರಿ ಹೇಳೋದು ಹೆಂಗಸು. ಇದನ್ನ ಕಲಿಯಾಕ ಕೆರೀಗೆ ಯಾಕ ಬರಬೇಕಿತ್ತು? ನಮ್ಮ ಮನ್ಯಾಗ ಇರೋದ ಹಂಗ."

ಕಿತ್ತು ಹಾಕು

ದೋಣಿ ಸ್ಪರ್ಧೆ ಹತ್ತಿರ ಬಂದಿತ್ತು. ಮರಿಯಮ್ಮನಹಳ್ಳಿಯ ಲಾರಿ ಮಾಲೀಕರೊಬ್ಬರು ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ಡಾಕ್ಟರಮ್ಮ ದವಡೆಗೆ ಇಂಜೆಕ್ಷನ್ ಕೊಟ್ಟು ಮುಗಿಸುವಷ್ಟರಲ್ಲಿ ಕೆರೆಯಿಂದ ಫೋನು. ಕೈಗೆ ಗ್ಲೌಸ್ ಇದ್ದದ್ದರಿಂದ ನರ್ಸು ಸ್ಪೀಕರ್ ಹಾಕಿದಳು.

"ಮೇಡಂ, ಬಲಗಡಿದು ಭಾಳ ಅಲ್ಲಾಡಾಕ ಹತ್ತೈತ್ರಿ!" ಅಂತ ಕೋಚ್ ಕೂಗಿದ.

"ಸುತ್ತಿಗಿಲೆ ಬಡದು ನೋಡು" ಅಂದರು ಡಾಕ್ಟರಮ್ಮ. "ಜಗ್ಗಲಿಲ್ಲಾಂದ್ರ ಎರಡೂ ಕಡಿದು ಕಿತ್ತು ಹಾಕು."

ಮಾಲೀಕರು ಕೊರಳಿನ ಬಟ್ಟೆ ಸಮೇತ ಬೀದಿಗೆ ಹಾರಿದರು. ಹಿಂದಿನಿಂದ ಡಾಕ್ಟರಮ್ಮ, "ಅದು ದೋಣೀದ್ರೀ! ಹುಟ್ಟು ಸಿಗಿಸೋ ಕೊಂಡಿ! ನಿಮ್ದಲ್ರೀ!" ಅಂತ ಓಡಿದರು. ಆಟೋ ಸ್ಟ್ಯಾಂಡಿನ ಹತ್ತಿರ ಹಿಡಿದು ವಿಷಯ ಬಿಡಿಸಿ ಹೇಳಿದಾಗ ಅವರು ನಕ್ಕರು. ಅರ್ಧ ಮುಖ ಜೋಮು ಹಿಡಿದಿತ್ತು, ಉಳಿದರ್ಧದಲ್ಲೇ ನಕ್ಕರು. ಆಮೇಲೆ ಕೆರೆಗೂ ಬಂದು ಮಕ್ಕಳನ್ನು ನೋಡಿ ಖುಷಿಪಟ್ಟರು. ಈಗ ಎಲ್ಲೇ ಸ್ಪರ್ಧೆಯಿರಲಿ, ನಮ್ಮ ದೋಣಿಗಳು ಅವರ ಲಾರಿಯಲ್ಲೇ ಹೋಗುತ್ತವೆ.

ಹಲ್ಲು ಮಾತ್ರ ಬಳ್ಳಾರಿಯಲ್ಲಿ ಕೀಳಿಸಿಕೊಂಡರು.

ಅಪ್ಪನ ವಿಚಾರ

ಕಂಪ್ಲಿಯ ಬಾಳೆಹಣ್ಣಿನ ವ್ಯಾಪಾರಿಯೊಬ್ಬರ ಮಗಳು ಕಮಲಾಪುರದ ಸೋದರತ್ತೆ ಮನೆಯಲ್ಲಿದ್ದು ನಮ್ಮಲ್ಲಿಗೆ ಬರುತ್ತಿದ್ದಳು. ದೋಣಿಯಲ್ಲಿ ಅವಳನ್ನು ಹಿಡಿಯೋರಿಲ್ಲ, ಲೆಕ್ಕದಲ್ಲೂ ಅಷ್ಟೇ. ಎಸ್ಸೆಸ್ಸೆಲ್ಸಿ ಪಾಸಾದ ಕೂಡಲೇ ಅಪ್ಪ, "ಓದಿದ್ದು ಸಾಕು, ಇನ್ನ ಮನ್ಯಾಗಿರ್ಲಿ" ಅಂದುಬಿಟ್ಟರು. ಹುಡುಗಿ ಊಟ ಬಿಟ್ಟು ಕೂತಳು.

ಡಾಕ್ಟರಮ್ಮ ಕ್ಲಿನಿಕ್ಕಿಗೆ ಬೀಗ ಹಾಕಿ ಕಂಪ್ಲಿಗೆ ಹೋದರು. ಬೈಸಿಕೊಂಡು ಬಂದರು. ಮತ್ತೆ ಹೋದರು. ನಾನಾಗಿದ್ದರೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅವರು ಮಾತ್ರ, "ಒಂದ್ಸಲ ಆಕಿ ದೋಣಿ ನಡಸೋದು ನೋಡಾಕ ಬರ್ರಿ, ಸಾಕು" ಅಂತ ಕೇಳಿಕೊಂಡರು.

ಅಪ್ಪ ಹೆಂಡತಿ ಜೊತೆ ಬಂದರು. ನೋಡಿದರು. "ಇಷ್ಟ ಏನು? ದಿನಾ ಬಾಳಿಗೊನಿ ಎತ್ತೋ ರಟ್ಟಿ ಇವು. ನನಗೊಂದು ದೋಣಿ ಕೊಡ್ರಿ."

ಡಾಕ್ಟರಮ್ಮ ಅವರಿಗೆ ಲೈಫ್ ಜಾಕೆಟ್ ತೊಡಿಸಿದರು. "ನೀರಾಗ ತೇಲಾಕ ಹತ್ತಿದ ಆ ಕೆಂಪು ಡ್ರಮ್ ಸುತ್ತಿ ಮಗಳಿಗಿಂತ ಮೊದ್ಲು ಬಂದ್ರ, ನಾನು ಇನ್ನ ಕಂಪ್ಲಿ ಕಡಿ ಬರಂಗಿಲ್ಲ."

ಇಬ್ಬರೂ ಹೊರಟರು. ಗೊನೆ ಎತ್ತಿ ಎತ್ತಿ ಅಪ್ಪನ ಬಲಗೈಗೆ ಎಡಗೈಗಿಂತ ಜೋರು ಜಾಸ್ತಿ. ದೋಣಿ ಸ್ವಲ್ಪ ದೂರ ಹೋಗಿ ನಿಂತಲ್ಲೇ ಗಿರಗಿರ ತಿರುಗತೊಡಗಿತು. ಎಷ್ಟು ಜೋರಾಗಿ ಎಳೆದರೆ ಅಷ್ಟು ಜೋರಾಗಿ ತಿರುಗೋದು. ಮಗಳು ಡ್ರಮ್ ಸುತ್ತಿ ವಾಪಸ್ ಬಂದರೂ ಅಪ್ಪ ತಿರುಗುತ್ತಲೇ ಇದ್ದರು. "ಲೇ, ಹಿಡೀಲೇ ನನ್ನ! ತಲಿ ತಿರಗ್ತೈತಿ!"

ಮಗಳು ಹತ್ತಿರ ಬಂದು ಹುಟ್ಟು ನಿಲ್ಲಿಸಿ ನಿಧಾನವಾಗಿ ಕೇಳಿದಳು. "ಅಪ್ಪಾ, ಪಿಯುಸಿಗೆ ಸೇರಸ್ತಿಯಿಲ್ಲೋ?"

"ಮೊದ್ಲು ದಡಕ್ಕ ಹಚ್ಚು ತಾಯಿ! ಪಿಯುಸಿನಾದ್ರೂ ಓದು, ಡಾಕ್ಟರಾದ್ರೂ ಆಗು!"

ಡಾಕ್ಟರಮ್ಮ ಆ ಕಡೆ ತಿರುಗಿ ನಿಂತರು. ನಗುತ್ತಿದ್ದಾರೆ ಅಂದುಕೊಂಡೆ, ನೋಡಿದರೆ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಮಗಳು ದೋಣಿ ಎಳೆದು ತಂದಳು. ಅಪ್ಪ ಇಳಿದು, ಮೀಸೆ ಸರಿಮಾಡಿಕೊಂಡು, ಹೆಂಡತಿಗೆ ಗಂಭೀರವಾಗಿ ಹೇಳಿದರು. "ಹೆದರಿ ಒಪ್ಪಿಕೊಂಡೆ ಅಂತ ತಿಳ್ಕೋಬ್ಯಾಡ ಮತ್ತ. ಎಲ್ಲಾ ಕಡಿಯಿಂದ ವಿಚಾರ ಮಾಡೇ ಒಪ್ಪೇನಿ."

"ಹೌದ್ರಿ, ನಾನೂ ನೋಡಿದ್ನಲ್ಲ" ಅಂದರು ಆಕೆ. "ಒಂದು ಕಡಿನೂ ಬಿಡದಂಗ ತಿರುಗಿ ತಿರುಗಿ ವಿಚಾರ ಮಾಡಿದ್ರಿ."