ನಮ್ಮ ಕಾರಿನ ನಾಲ್ಕು ಅಲಾಯ್ ಚಕ್ರಗಳ ಸನ್ನಿಧಿಗೆ

ಮಾನ್ಯರೇ,

ನಾಯ್ಮಾರ್ಮೂಲೆಯ ನಮ್ಮ ಮನೆಯಂಗಳವನ್ನು ಹಗಲಿರುಳೂ ಬೆಳಗುತ್ತಿರುವ ತಮ್ಮ ನಾಲ್ವರಿಗೂ, ಕೈಯ ಮದರಂಗಿ ಇನ್ನೂ ಮಾಸದ ಹೊಸ ಮದುಮಗಳು ಮೋಕ್ಷಿತಾಳ ಅನಂತ ಪ್ರಣಾಮಗಳು. ತಾವು ಕ್ಷೇಮವೆಂದು ಬಲ್ಲೆ. ಏಕೆಂದರೆ ನನ್ನ ಪತಿ ವಿಜೇತ್ ಬೆಳಿಗ್ಗೆ ಎದ್ದವರೇ ಮೊದಲು ತಮ್ಮ ನಾಲ್ವರ ಮೈಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ವಾಟ್ಸಾಪಿನಲ್ಲಿ ತಮ್ಮದೊಂದು ಫೋಟೋ ಹಾಕಿ, ಆಮೇಲಷ್ಟೇ ಒಳಗೆ ಬಂದು ನನಗೆ ಗುಡ್ ಮಾರ್ನಿಂಗ್ ಹೇಳುತ್ತಾರೆ.

ನಾವು ಮಧುಚಂದ್ರಕ್ಕೆ ಮುನ್ನಾರಿಗೆ ಹೋಗಲೆಂದು ತೆಗೆದಿಟ್ಟ ಹಣದಲ್ಲಿ ತಾವು ಬಂದಿರಿ. ಮುನ್ನಾರು ಎಲ್ಲಿಗೂ ಓಡಿಹೋಗುವುದಿಲ್ಲ, ಇಂಥ ಚಕ್ರ ಮಾತ್ರ ಮತ್ತೆ ಸಿಗುವುದಿಲ್ಲ ಎಂದು ವಿಜೇತ್ ಹೇಳಿದಾಗ ಆ ಮುಖದ ಸಂತೋಷ ನೋಡಿಯೇ ನಾನು ಕರಗಿಹೋದೆ. ತಾವು ಕಂಪನಿಯ ಚಕ್ರಗಳಿಗಿಂತ ದೊಡ್ಡವರು, ತಮ್ಮ ಟಯರಾದರೋ ನೀರುದೋಸೆಯಷ್ಟು ತೆಳು. ಇಂಥ ಚಕ್ರ ಹಾಕಿಯೂ ಕಾರು ಎತ್ತರದಲ್ಲಿ ನಿಂತರೆ, ಜರಿಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ ಹಾಗೆ ಕಾಣುತ್ತದೆ ಎಂದನಂತೆ ಅಂಗಡಿಯವನು. ಹಾಗಾಗಿ ತಮ್ಮ ಗೌರವಾರ್ಥ ಸ್ಪ್ರಿಂಗ್ ಬದಲಿಸಿ ಕಾರನ್ನೇ ತಗ್ಗಿಸಲಾಯಿತು.

ಅಂದಿನಿಂದ ನಮ್ಮ ಕಾರು ರಸ್ತೆಯ ಹಂಪ್ ಕಂಡಲ್ಲೆಲ್ಲ ಹೊಟ್ಟೆ ಉಜ್ಜಿಕೊಂಡು ನರಳುತ್ತದೆ. ಒಳಗೆ ವಿಜೇತ್ ಒಬ್ಬರೇ ಇದ್ದರೆ ಹೇಗೋ ದಾಟುತ್ತದೆ, ನಾನೂ ಇದ್ದರೆ ದಾಟುವುದಿಲ್ಲ. ಈಗಲೋ ನೆಂಟರಿಷ್ಟರೆಲ್ಲ ಸರದಿಯಲ್ಲಿ ಹೊಸ ಜೋಡಿಯನ್ನು ಕರೆದು ಉಣಬಡಿಸುವ ಕಾಲ. ಪ್ರತಿ ಹಂಪಿಗೂ ನಾನು ರೇಷ್ಮೆ ಸೀರೆ, ಮುಡಿತುಂಬ ಮಲ್ಲಿಗೆಯೊಂದಿಗೆ ಇಳಿದು ನಡೆಯುತ್ತೇನೆ. ಕೋರಿರೊಟ್ಟಿ ತಿಂದು ಹಿಂದಿರುಗುವಾಗಲಂತೂ, ಹೋಗುವಾಗ ಕನಿಕರ ತೋರಿದ್ದ ಸಣ್ಣ ಹಂಪುಗಳೂ ನನ್ನನ್ನು ಇಳಿಸುತ್ತವೆ.

ಕಳೆದ ಭಾನುವಾರ ವಿಜೇತರ ಸೋದರತ್ತೆ ಮನೋರಮಾ ಅವರ ಮನೆಗೆ ಊಟಕ್ಕೆ ಹೋಗುವಾಗ ಬೋವಿಕಾನದ ಪೇಟೆಯಲ್ಲಿ ಹೀಗೆಯೇ ಇಳಿದೆ. ಅಲ್ಲಿ ಅಂಗಡಿ ಇಟ್ಟಿರುವ ನನ್ನ ಅಮ್ಮನ ಅಣ್ಣ ಜಯಪಾಲ ಮಾಮ ಅದನ್ನು ಕಂಡು ಓಡಿಬಂದು, "ಎಂತ ಮಗಾ, ಅವ ನಿನ್ನನ್ನು ದಾರಿಯಲ್ಲಿ ಇಳಿಸಿದ್ನಾ?" ಎಂದರು. ನಾನು ಪತಿಯ ಮಾನ ಕಾಪಾಡಲೆಂದು ನಕ್ಕು, "ಇಲ್ಲ ಮಾಮ, ನಾನೇ ಇಳಿದದ್ದು" ಎಂದೆ. ಇದಕ್ಕಿಂತ ದೊಡ್ಡ ಜಗಳದ ಸಾಕ್ಷಿ ಅವರಿಗೆ ಬೇಕಿರಲಿಲ್ಲ. ನಾವು ಊಟ ಮುಗಿಸಿ ಪಾಯಸದ ಲೋಟ ಕೆಳಗಿಡುವಷ್ಟರಲ್ಲಿ, ಮಾಮನ ಫೋನ್ ಕೇಳಿ, ರಾಜಿ ಮಾಡಿಸಲೆಂದು ತವರಾದ ಪೈವಳಿಕೆಯಿಂದ ನನ್ನ ಅಮ್ಮ, ಅಪ್ಪಿ ಅಜ್ಜಿ ಇಬ್ಬರೂ ಜೀಪು ಮಾಡಿಕೊಂಡು ಬಂದಿಳಿದರು!

ವಿಷಯ ತಿಳಿಸಿದಾಗ ಅಜ್ಜಿ ತಮ್ಮನ್ನು ಸುತ್ತುಬಂದು, "ಇದರ ಚಂದಕ್ಕಾ ನನ್ನ ಪುಳ್ಳಿ ಬಿಸಿಲಲ್ಲಿ ನಡೆಯುವುದು?" ಎಂದು ಮೊಮ್ಮಗಳಾದ ನನ್ನ ಪರ ನಿಂತರು. ವಿಜೇತ್ ಕೆಂಪಾಗಿ, "ಅವಳು ಹೇಳಿದ್ರೆ ನಾಳೆಯೇ ತೆಗೆಸ್ತೇನೆ ಅಜ್ಜೀ" ಎಂದುಬಿಟ್ಟರು. ಎಲ್ಲರೂ ನನ್ನ ಮುಖ ನೋಡಿದರು. ಕೊಟ್ಟ ಹಣಕ್ಕೆ ತಾವು ಯೋಗ್ಯರೋ ಅಲ್ಲವೋ ಎಂದು ತೀರ್ಪು ಕೊಡುವ ಭಾರ ಹೀಗೆ ನನ್ನ ತಲೆಗೆ ಬಂತು.

ಮಾನ್ಯರೇ, ಕಾರಿನ ಮಟ್ಟಿಗೆ ತಾವು ಶುದ್ಧ ದಂಡ. ಕೂತರೆ ಸೊಂಟ ನೋವು, ಹೊಂಡಕ್ಕೆ ಬಿದ್ದರೆ ತಮಗೇ ಗಾಯ. ಆದರೆ ಒಂದು ಮಾತನ್ನು ಅಂದು ಯಾರ ಎದುರೂ ಹೇಳಲಾಗಲಿಲ್ಲ. ನಮ್ಮ ಮನೆಯಲ್ಲಿ ಅತ್ತೆ, ಮಾವ, ಮೂವರು ನಾದಿನಿಯರು. ಎಲ್ಲರೂ ಬಂಗಾರದಂಥವರು, ಎಲ್ಲರೂ ಸದಾ ಮನೆಯಲ್ಲೇ ಇರುವವರು. ತಾವು ಬರುವ ಮೊದಲು ಎಲ್ಲಿಗೆ ಹೊರಟರೂ ಹಿಂದಿನ ಸೀಟು ಭರ್ತಿ. ತಾವು ಬಂದ ಮೇಲೆ ಮೂರನೆಯವರು ಹತ್ತುವಂತಿಲ್ಲ. ನಾನು ಇಳಿದು ನಡೆಯುವಾಗ ವಿಜೇತ್ ಕಿಟಕಿ ಇಳಿಸಿ, ನನ್ನ ನಡಿಗೆಯಷ್ಟೇ ನಿಧಾನವಾಗಿ ಪಕ್ಕದಲ್ಲಿ ಬರುತ್ತಾರೆ. "ಮಲ್ಲಿಗೆ ಚಂದ ಉಂಟು" ಎನ್ನುತ್ತಾರೆ. "ಮುಂದೆ ನೋಡಿ ಮಾರಾಯ್ರೆ, ಚರಂಡಿ!" ಎನ್ನುತ್ತೇನೆ. ಮುನ್ನಾರಿನಲ್ಲಿ ಇದಕ್ಕಿಂತ ಹೆಚ್ಚಿನದು ಏನು ಸಿಗುತ್ತಿತ್ತು?

ಆದ್ದರಿಂದ ನಾನು ತಲೆತಗ್ಗಿಸಿ, "ಇರಲಿ ಅಜ್ಜೀ, ಅವರಿಗೆ ಇಷ್ಟ ಉಂಟಲ್ಲ" ಎಂದೆ. ಎಂಥ ಗುಣವಂತೆ ಸೊಸೆ ಎಂದು ಮನೋರಮಾ ಅತ್ತೆ ಕಣ್ಣೊರೆಸಿಕೊಂಡರು. ಈ ಹೊಗಳಿಕೆಗೆ ತಾವೇ ಕಾರಣರಾದುದರಿಂದ, ತಾವು ಇನ್ನೂ ಒಂದಂಗುಲ ತಗ್ಗುವ ಕೃಪೆ ಮಾಡಬೇಕೆಂದೂ, ರಸ್ತೆಗೆ ಇನ್ನಷ್ಟು ಹಂಪುಗಳನ್ನು ದಯಪಾಲಿಸುವಂತೆ ಪಂಚಾಯತಿಗೆ ತಮ್ಮ ಕಡೆಯಿಂದಲೂ ಶಿಫಾರಸು ಹೋಗಬೇಕೆಂದೂ ಬೇಡಿಕೊಳ್ಳುತ್ತೇನೆ.

ಇತಿ, ತಮ್ಮ ಹಿಂದೆಯೇ ನಡೆದು ಬರುತ್ತಿರುವ,
ತಮ್ಮ ವಿಶ್ವಾಸಿ,
ಮೋಕ್ಷಿತಾ ವಿಜೇತ್

ತಾ.ಕ.: ನನಗೂ ಇದೆಲ್ಲ ಬಹಳ ಇಷ್ಟವೆಂದು ತಿಳಿದು ವಿಜೇತ್ ಈಗ ಊರಿಗೇ ಕೇಳುವಂಥ ಸೈಲೆನ್ಸರ್ ಒಂದನ್ನು ವಿಚಾರಿಸುತ್ತಿದ್ದಾರೆ. ಅದು ಬಂದರೆ ಕಿಟಕಿಯ ಮಾತು ಒಂದಕ್ಷರವೂ ಕೇಳಿಸದು. ದಯವಿಟ್ಟು ತಮ್ಮ ಹೊಸ ಮಿತ್ರನಿಗೆ ತಿಳಿಸಿ, ಅವನು ಬಂದ ದಿನ ನಾನು ನಿಜವಾಗಿಯೂ ತವರಿಗೆ ಹೊರಡುತ್ತೇನೆ, ಅದೂ ಬಸ್ಸಿನಲ್ಲಿ, ಕೂತುಕೊಂಡು.