ಅಡುಗೆಮನೆಯ ಬಂದೂಕುಗಳು

೨೦೦೮, ಫೆಬ್ರವರಿ, ಒಂದು ಸೋಮವಾರ. ಬೆಳಿಗ್ಗೆ ಆರೂವರೆ. ಸ್ಥಳ: ದೆಹಲಿಯ ಪೀತಮ್‌ಪುರಾದ ನಮ್ಮ ಮನೆಯ ಅಡುಗೆಮನೆ. ಹಾಜರಿದ್ದವರು: ನಾನು, ಪತ್ರಿಕೆಯ ಹಿಂದೆ ನಮ್ಮ ಯಜಮಾನರು, ಅಳುಮುಖದಲ್ಲಿ ನನ್ನ ತಮ್ಮನ ಮಗಳು ಮೇಧಾ, ಮತ್ತು ನಮ್ಮ ಭಾವನವರು, ಕೈಯಲ್ಲಿ ಗ್ಯಾಸ್ ಲೈಟರ್ ಹಿಡಿದುಕೊಂಡು.

ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಹೊತ್ತು ಮತ್ತು ಹಾಜರಿ ಬರೆಯದೆ ಯಾವುದನ್ನೂ ಶುರು ಮಾಡಲು ನನಗೆ ಬರುವುದಿಲ್ಲ.

ಈಗ ಭಾವನವರ ವಿಷಯ. ಅವರ ಲೆಕ್ಕದ ಪ್ರಕಾರ ನಮ್ಮ ಮನೆಯಲ್ಲಿ ಒಟ್ಟು ಇಪ್ಪತ್ತಾರು ಬಂದೂಕುಗಳಿವೆ. ಒಂದಕ್ಕೂ ಲೈಸೆನ್ಸ್ ಇಲ್ಲ! ಪೊಲೀಸರಿಗೆ ಫೋನ್ ಮಾಡುವ ಮುನ್ನ ದಯವಿಟ್ಟು ಪೂರ್ತಿ ಓದಿ.

ಭಾವನವರೆಂದರೆ ನಮ್ಮ ಯಜಮಾನರ ಅಣ್ಣ. ಮದುವೆಯಾಗಲಿಲ್ಲ. ದೆಹಲಿಯ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ಕೆಲಸ. ಅಪರಾಧ ನಡೆದ ಜಾಗದಿಂದ ಪೊಲೀಸರು ತಂದ ಬಂದೂಕುಗಳನ್ನು ಬಿಚ್ಚಿ ನೋಡಿ, ಯಾವ ಬಗೆಯದು, ಹೇಗೆ ಕೆಲಸ ಮಾಡುತ್ತದೆ ಎಂದು ವಿಂಗಡಿಸಿ, ಚೀಟಿ ಬರೆದು ದಾರದಲ್ಲಿ ಕಟ್ಟಿಡಬೇಕು. ನಿವೃತ್ತರಾಗಿ ನಮ್ಮ ಮನೆಗೆ ಬಂದಾಗ ಬಂದೂಕುಗಳು ಅಲ್ಲೇ ಉಳಿದವು. ಚೀಟಿ ಕಟ್ಟುವ ಚಟ ಮಾತ್ರ ಟ್ರಂಕಿನ ಜೊತೆಯಲ್ಲೇ ಬಂತು.

ಮೊದಲ ಬಲಿ ಬಚ್ಚಲುಮನೆಯ ಚಿಲಕ. 'ಬೋಲ್ಟ್ ಆಕ್ಷನ್' ಎಂದು ಚೀಟಿ ಬಿತ್ತು. ಹಿಡಿ ಎತ್ತಬೇಕು, ಹಿಂದಕ್ಕೆಳೆಯಬೇಕು, ಮುಂದಕ್ಕೆ ತಳ್ಳಿ ಮಡಿಸಬೇಕು. ಹಳೆಯ ರೈಫಲ್ಲು ಮಾಡುವುದೂ ಇದನ್ನೇ ಅಲ್ಲವೇ ಎಂದರು. ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ನನ್ನ ಕೊಡೆ 'ಸಿಂಗಲ್ ಆಕ್ಷನ್' ಆಯಿತು, ಏಕೆಂದರೆ ಮೊದಲು ನಾನು ಕೈಯಿಂದ ಮುಚ್ಚಿ ಸ್ಪ್ರಿಂಗ್ ಬಿಗಿ ಮಾಡಿಡದಿದ್ದರೆ ಗುಂಡಿ ಏನೂ ಮಾಡಲಾರದು. ಹಬೆಯೇ ತೂಕ ಎತ್ತಿ ತಾನಾಗಿ ಕೂರಿಸುವ ಕುಕ್ಕರ್ 'ಗ್ಯಾಸ್ ಆಪರೇಟೆಡ್'. ಚಕ್ಕುಲಿ ಒರಳು ಹಿಂದಿನಿಂದ ತುಂಬುವ ಜಾತಿ. ನಕ್ಷತ್ರದ ಬಿಲ್ಲೆ ಹಾಕಿದರೆ ರೈಫಲ್ಲಿನಂತೆ ಒಳಗೆ ಗೀರಿರುವ ನಳಿಕೆ, ಬರೀ ತೂತಿನ ಬಿಲ್ಲೆ ಹಾಕಿದರೆ ನುಣುಪು ನಳಿಕೆ. ಆ ವರ್ಷ ನಮ್ಮ ಮನೆಯ ಚಕ್ಕುಲಿಯನ್ನು ನಾನು ಎಂಥ ಭಯಭಕ್ತಿಯಿಂದ ತಿಂದೆನೆಂದು ನಿಮಗೇನು ಗೊತ್ತು!

ಕುಕ್ಕರ್ ಕೇಳಲು ಬಂದ ಪಕ್ಕದ ಮನೆಯ ಪಂಜಾಬಿ ಆಂಟಿ, ಪಾತ್ರೆಗೊಂದರಂತೆ ತೂಗಾಡುವ ಚೀಟಿಗಳನ್ನು ನೋಡಿ, ನಾವು ಮನೆ ಖಾಲಿ ಮಾಡುತ್ತಿದ್ದೇವೆಂದೇ ತಿಳಿದು, ಕುಕ್ಕರ್ ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದರು. ಭಾವನವರು ಹಿಂದಿಯಲ್ಲಿ ಗಂಭೀರವಾಗಿ, ಸಾಕ್ಷ್ಯವನ್ನು ಮಾರುವಂತಿಲ್ಲ ಎಂದರು. ಆಂಟಿ ಆಮೇಲೆ ಒಂದು ತಿಂಗಳು ನಮ್ಮ ಮನೆಗೆ ಬರಲಿಲ್ಲ.

ಮನುಷ್ಯರಿಗೂ ವಿನಾಯಿತಿ ಇರಲಿಲ್ಲ. ನಮ್ಮ ಯಜಮಾನರು ಒಂಟಿ ಗುಂಡಿನ ಬಂದೂಕು: ಒಂದು ಮಾತು ಆಡಿದರೆ ಇನ್ನೊಂದು ತುಂಬಲು ಅರ್ಧ ದಿನ ಬೇಕು. ತರಕಾರಿ ಭಯ್ಯಾ ಸದ್ದು ಹೆಚ್ಚು, ಗುರಿ ಕಡಿಮೆ. ನಾನು? ಅದನ್ನು ಕೇಳಿದರೆ ಭಾವನವರು, "ಪರೀಕ್ಷೆ ನಡೀತಾ ಇದೆ, ಸಿಸ್ಟರಮ್ಮ. ಅವಸರ ಬೇಡ" ಎನ್ನುತ್ತಿದ್ದರು.

ಇಂಥವರಿಗೆ ದೇವರೇ ಕಳಿಸಿದಂತೆ ಸಿಕ್ಕಿದವಳು ಮೇಧಾ. ದೆಹಲಿಯ ಇನ್ನೊಂದು ಮೂಲೆ ಮುನಿರ್ಕಾದಲ್ಲಿ ಬಾಡಿಗೆ ಕೋಣೆ, ಅಪರಾಧ ಪತ್ತೆಯ ವಿಜ್ಞಾನದಲ್ಲಿ ಎಂ.ಎಸ್ಸಿ. ಬಂದೂಕಿನ ಪ್ರಾಯೋಗಿಕ ಪರೀಕ್ಷೆಯಲ್ಲಿ ಅವಳು ಫೇಲಾದಳು. ಮೇಜಿನ ಮೇಲೆ ಉದ್ದನೆಯದೊಂದು ಇಟ್ಟಿದ್ದರು, ಇವಳು ರೈಫಲ್ ಎಂದು ಬರೆದಳು. ಅದು ಯಾರೋ ನೀರಿನ ಪೈಪಿಗೆ ಮರದ ಹಿಡಿ ಕೂರಿಸಿ ಮಾಡಿದ ನಾಡಬಂದೂಕು. ಮರುಪರೀಕ್ಷೆ ಒಂದೇ ಸಲ. ಅದರಲ್ಲೂ ಹೋದರೆ ಒಂದು ವರ್ಷ ಹಾಳು, ಮತ್ತು ನನ್ನ ತಮ್ಮ ಫೋನಿನಲ್ಲಿ ಹೇಳಿಯಾಗಿತ್ತು: ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬರಬೇಕು.

"ನೋಡೋಕೆ ರೈಫಲ್ ಥರಾನೇ ಇತ್ತು, ದೊಡ್ಡ ಮಾವ," ಎಂದು ಅತ್ತಳು.

"ಮುಖ ನೋಡಿ ಜಾತಿ ಬರೀಬೇಡ, ಮಗು. ಅದು ಊಟ ಹೇಗೆ ಮಾಡುತ್ತೆ ಅಂತ ಕೇಳು."

ಎಲ್ಲಿಂದ ತಿನ್ನುತ್ತದೆ, ಮುಂದಿನಿಂದಲೋ ಹಿಂದಿನಿಂದಲೋ? ತಿಂದ ಮೇಲೆ ಸಿಪ್ಪೆಯನ್ನು ತಾನೇ ಉಗುಳುತ್ತದೋ, ಯಾರಾದರೂ ತೆಗೆಯಬೇಕೋ? ಎರಡನೇ ತುತ್ತಿಗೆ ಯಾರ ಕೈ ಬೇಕು? ಗಂಟಲು ನುಣುಪೋ, ಗೀರೋ? ಇಷ್ಟೇ ಪಾಠ. ನಾಲ್ಕು ಭಾನುವಾರ ಅವಳ ಕಣ್ಣಿಗೆ ನನ್ನ ಟವೆಲ್ ಕಟ್ಟಿ, ಕೈಗೆ ಸ್ಟೇಪ್ಲರ್, ಚಿಲಕ, ಕೊಡೆ ಕೊಟ್ಟು ಕೇಳಿದ್ದೇ ಕೇಳಿದ್ದು. ತಾವೂ ಕಣ್ಣು ಮುಚ್ಚಿ ಬರೀ ಬೆರಳಲ್ಲಿ ತಡವಿ ಉತ್ತರ ಹೇಳುತ್ತಿದ್ದರು. "ಕಣ್ಣು ಮೋಸ ಮಾಡುತ್ತೆ. ಬೆರಳು ಮಾಡಲ್ಲ," ಎನ್ನುವರು. ನಡುವೆ ಎರಡು ಸಲ ಕಾಫಿ ಲೋಟಕ್ಕೆ ಕೈ ತಗುಲಿಸಿ ಉರುಳಿಸಿದರು. ಪಾಠದ ಉತ್ಸಾಹ ಎಂದುಕೊಂಡು ನಾನು ನೆಲ ಒರೆಸಿದೆ.

ಆ ಪಾಠಗಳು ಶುರುವಾಗುವ ಹಿಂದಿನ ದಿನವೇ ನನ್ನ ಚೀಟಿಯೂ ಬಂದಿತ್ತು, ಇಪ್ಪತ್ತಾರನೆಯದು. ನನ್ನ ಕಪ್ಪು ಕೈಚೀಲದ ಹಿಡಿಗೆ ಕಟ್ಟಿದ್ದರು. ಆಸೆಯಿಂದ ತಿರುಗಿಸಿ ನೋಡುತ್ತೇನೆ, ಖಾಲಿ! ಎರಡೂ ಕಡೆ ಒಂದಕ್ಷರವಿಲ್ಲ.

"ಭಾವ, ಇದೇನಿದು?"

"ಓದ್ಕೋ," ಎಂದು ನಕ್ಕು ಎದ್ದುಹೋದರು.

ಬಚ್ಚಲಿನ ಚಿಲಕಕ್ಕೆ ಮೂರು ಸಾಲು ಬರೆದವರು ನನಗೆ ಬರೆಯುವಂಥದ್ದು ಏನೂ ಇಲ್ಲವೆನ್ನುವುದೇ? ಅವತ್ತಿನಿಂದಲೇ ಅವರಿಗೆ ಎರಡನೇ ಕಾಫಿ ಬಂದ್. ಚೀಟಿಯನ್ನು ಮಾತ್ರ ಬಿಚ್ಚಲಿಲ್ಲ. ನಾಲ್ಕು ಜನ ನೋಡಿ ಅವರಿಗೇ ನಾಚಿಕೆಯಾಗಲಿ ಎಂದು ಹಾಗೆಯೇ ತೂಗಾಡಿಸಿಕೊಂಡು ಓಡಾಡಿದೆ.

ಸರಿ, ಮರುಪರೀಕ್ಷೆಯ ಆ ಸೋಮವಾರಕ್ಕೆ ಬರೋಣ. ಭಾವನವರು ಲೈಟರನ್ನು ಮೇಧಾಳ ಮುಂದೆ ಚಾಚಿದರು. ಅವಳು ಕಣ್ಣೊರೆಸಿಕೊಂಡು, "ಡಬಲ್ ಆಕ್ಷನ್. ಒಂದೇ ಒತ್ತಿಗೆ ಸ್ಪ್ರಿಂಗ್ ಬಿಗಿನೂ ಆಗುತ್ತೆ, ಬಿಟ್ಟೂ ಬಿಡುತ್ತೆ," ಎಂದಳು. "ಚಲೋ, ಹೊರಡು," ಎಂದರು. ಏಳಕ್ಕೆ ಹೊರಟಳು. ಆ ದಿನ ನಾನು ಕುಕ್ಕರ್ ಇಟ್ಟು ಬೇಳೆ ಹಾಕುವುದನ್ನೇ ಮರೆತೆ.

ನಾಲ್ಕೂಕಾಲಿಗೆ ಮೇಧಾ ಬಾಗಿಲ ಗಂಟೆ ಬಾರಿಸಿದಳು. ಮುಖ ನೋಡಿದೊಡನೆ ತಿಳಿಯಿತು, ಪಾಸು. ಈ ಸಲವೂ ಉದ್ದನೆಯ ಒಂದನ್ನು ಇಟ್ಟಿದ್ದರಂತೆ. ಇವಳು ಕಣ್ಣು ಮುಚ್ಚಿ ಸವರುತ್ತಿರುವುದನ್ನು ನೋಡಿ ಪರೀಕ್ಷಕರು, ದೇವರನ್ನು ನೆನೆಯುತ್ತಿದ್ದೀಯಾ ಎಂದರಂತೆ. ಇಲ್ಲ ಸರ್, ಇದು ಹೇಗೆ ತಿನ್ನುತ್ತೆ ಅಂತ ಹುಡುಕುತ್ತಿದ್ದೀನಿ ಎಂದಳಂತೆ. ನಡುವೆ ಮಡಿಸಿ ಹಿಂದಿನಿಂದ ತುಂಬುವುದು, ಒಂಟಿ ಗುಂಡು, ನುಣುಪು ನಳಿಕೆ, ನಾಡಿನಲ್ಲಿ ಮಾಡಿದ್ದು. ಎಲ್ಲ ಸರಿ.

ಪೇಡ ತರಲು ಹಣ ತೆಗೆದುಕೊಡಲೆಂದು ನಾನು ಕೈಚೀಲ ಎತ್ತಿದೆ. ಮೇಧಾಳ ಕಣ್ಣು ಚೀಟಿಯ ಮೇಲೆ ಬಿತ್ತು. ನನ್ನ ದೂರನ್ನೆಲ್ಲ ಕೇಳಿ, ಹೆಬ್ಬೆರಳಿನಿಂದ ಅದನ್ನು ಸವರಿದಳು.

"ಅತ್ತೆ, ಇದು ಖಾಲಿ ಅಲ್ಲ. ಟಾರ್ಚ್ ಕೊಡಿ."

ಪರದೆ ಎಳೆದು, ಚೀಟಿಯನ್ನು ಮೇಜಿನ ಮೇಲಿಟ್ಟು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದಳು. ಕಾಗದದ ಮೇಲೆ ಅಕ್ಷರಗಳ ಗುಳಿಗಳು ನೆರಳಾಗಿ ಎದ್ದವು. ಸರ್ವಿಸ್ ಪೂರ್ತಿ ಮೂರು ಕಾರ್ಬನ್ ಪ್ರತಿ ತೆಗೆದ ಕೈ. ಅಷ್ಟು ಒತ್ತಿ ಬರೆದಿತ್ತು. ಮೇಧಾ ಓದಿದಳು:

"ಪೂರ್ಣ ಸ್ವಯಂಚಾಲಿತ. ಒಮ್ಮೆ ಶುರುವಾದರೆ ನಿಲ್ಲಿಸಲಾಗದು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ."

ಪೆನ್ನಿನಲ್ಲಿ ಶಾಯಿ ಮುಗಿದಿತ್ತು. ಬರೆದವರಿಗೆ ಅದು ಕಂಡಿರಲಿಲ್ಲ.

ನನಗೆ ಟಾರ್ಚ್ ಹಿಡಿಯಲು ಯಾರೂ ಹೇಳಿಕೊಡಬೇಕಿಲ್ಲ. ಕುರ್ಚಿಯಲ್ಲಿ ಕೂತಿದ್ದ ಭಾವನವರ ಗದ್ದ ಎತ್ತಿ, ಬೆಳಕು ಬಿಟ್ಟು ನೋಡಿದೆ. ಎರಡು ಕಣ್ಣಿನಲ್ಲೂ ಬಿಳಿ ಪೊರೆ. ಮೂವತ್ತನಾಲ್ಕು ವರ್ಷ ಇನ್ನೊಬ್ಬರ ಕಣ್ಣು ನೋಡಿದವಳು, ಒಂದೇ ಮನೆಯಲ್ಲಿದ್ದೂ ನೆಲ ಒರೆಸುತ್ತ ಕೂತಿದ್ದೆ.

"ಎಷ್ಟು ದಿನದಿಂದ, ಭಾವ?"

"ದೀಪಾವಳಿ ದೀಪ ಎಲ್ಲ ಮಸುಕಾಗಿತ್ತು. ದಿಲ್ಲಿ ಹೊಗೆ ಅಂದ್ಕೊಂಡೆ."

"ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಆವತ್ತೇ ಹಿಡ್ಕೊಂಡು ಹೋಗಿ ಕಣ್ಣಿಗೆ ಪಟ್ಟಿ ಕಟ್ಟಿಸಿ ಮಲಗಿಸ್ತಿದ್ದೆ, ಸಿಸ್ಟರಮ್ಮ. ಹುಡುಗಿ ಪರೀಕ್ಷೆ ಮುಗೀಲಿ ಅಂತ."

ಬೈಯಲು ಬಾಯಿ ತೆರೆದೆ. ಪೂರ್ಣ ಸ್ವಯಂಚಾಲಿತ ಬಂದೂಕು, ಒಂದು ಗುಂಡೂ ಹಾರಲಿಲ್ಲ. ಪತ್ರಿಕೆ ಕೆಳಗಿಳಿಯಿತು. "ನಾಳೆ ನಾನೂ ಬರ್ತೀನಿ," ಎಂದರು ನಮ್ಮ ಯಜಮಾನರು.

ಸಂಜೆ ಐದು: ಭಾವನವರಿಗೆ ಎರಡನೇ ಕಾಫಿ ಕೊಡಲಾಯಿತು, ಬಾಕಿ ಸೇರಿಸಿ ಮೂರನೆಯದೂ. ಐದೂ ಮುಕ್ಕಾಲು: ಕಣ್ಣಿನ ಡಾಕ್ಟರ ಬಳಿ ನಾಳೆ ಒಂಬತ್ತೂವರೆಗೆ ಸಮಯ ಗೊತ್ತುಮಾಡಲಾಯಿತು. ಆರು: ತಮ್ಮನಿಗೆ ಫೋನ್, ಗಂಟುಮೂಟೆ ಬಿಚ್ಚಲಾಗಿದೆ ಎಂದು ತಿಳಿಸಲಾಯಿತು. ಏಳು: ಭಾವನವರ ಪೆನ್ನಿಗೆ ಹೊಸ ರೀಫಿಲ್ ಹಾಕಿ, ಪತ್ರಿಕೆಯ ಅಂಚಿನಲ್ಲಿ ಮೂರು ಸಲ ಗೀಚಿ, ಶಾಯಿ ಬರುತ್ತದೆಂದು ಖಚಿತಪಡಿಸಿಕೊಂಡು, ಅವರ ಜೇಬಿಗೆ ಸಿಕ್ಕಿಸಲಾಯಿತು.