ಅಳಿಯನಿಗೆ ನಲವತ್ತೊಂದು

ಅಳಿಯನಿಗೆ ನೂರಕ್ಕೆ ನಲವತ್ತೊಂದು ಅಂಕ ಕೊಟ್ಟು, ಮರುದಿನ ಅದೇ ಅಳಿಯನ ಎದುರು ಕೂತು ಊಟ ಮಾಡುವುದು ಎಂಥ ಶಿಕ್ಷೆ ಎಂಬುದು ಲಿಯೋನಾರ್ಡ್ ಪಾವ್ಲಾಕ್ ಅವರಿಗೆ ಆ ಮಂಗಳವಾರ ಅರ್ಥವಾಯಿತು.

ಅಳಿಯ ಟವೀಟಾ ಅಮೆರಿಕದ ಬಫಲೋ ಊರಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಗಾರ್ಡ್. ಮುನ್ನೂರ ಇಪ್ಪತ್ತು ಪೌಂಡಿನ ಆಳು. ಚೆಂಡು ಹಿಡಿದವನ ಮೇಲೆ ಎದುರಾಳಿಗಳು ಬೀಳದಂತೆ ಅಡ್ಡ ನಿಲ್ಲುವುದು ಅವನ ಕೆಲಸ. (ವರ್ಷವಿಡೀ ಆಡಿದರೂ ಚೆಂಡನ್ನು ಮುಟ್ಟುವ ಯೋಗವಿಲ್ಲ. ಮದುವೆಮನೆಯ ಅಡುಗೆಭಟ್ಟನ ಹಾಗೆ, ತಪ್ಪಾದಾಗ ಮಾತ್ರ ಜನ ಹೆಸರು ಕೇಳುತ್ತಾರೆ.) ವಾರಕ್ಕೊಮ್ಮೆ ರಜೆ ಸಿಗುವ ಮಂಗಳವಾರ ಹೆಂಡತಿ ಕ್ರಿಸ್ಟಾ ಜೊತೆ ಅತ್ತೆಯ ಮನೆಗೆ ಊಟಕ್ಕೆ ಬರುತ್ತಿದ್ದ.

"ಮಾಂಸದಂಗಡಿಯವನು ಸಾಸೇಜ್ ಕಟ್ಟಿ ಕೊಡ್ತಾ, 'ನಿಮ್ಮ ಅಳಿಯ ನಲವತ್ತೊಂದಂತೆ' ಅಂದ," ಎಂದರು ಅತ್ತೆ ಬರ್ನಡೀನ್, ಟವೀಟಾನ ತಟ್ಟೆಗೆ ಒಂಬತ್ತನೆಯ ಪಿರೋಗಿ ಕಡುಬು ಹಾಕುತ್ತ. "ಸಾಸೇಜ್ ಅವನ ಮುಂದೇನೇ ಇಟ್ಟು ಬಂದೆ. ಯಾರು ರೀ ಈ ಅಂಕ ಹಾಕೋರು? ಮೈದಾನಕ್ಕೆ ಇಳಿದಿದಾರಾ ಯಾವತ್ತಾದ್ರೂ?"

"ಯಾವುದೋ ಕಂಪನಿ," ಎಂದರು ಲಿಯೋನಾರ್ಡ್, ತಟ್ಟೆಯೊಳಗೆ ಮುಖವಿಟ್ಟು. "ವಿಡಿಯೋ ನೋಡಿ ಹಾಕ್ತಾರಂತೆ."

"ಹಾಕಿದವನ ಕೈ ಸೇದಿಹೋಗ."

ಲಿಯೋನಾರ್ಡರ ಕೈಯಲ್ಲಿದ್ದ ಫೋರ್ಕ್ ಅರ್ಧದಾರಿಯಲ್ಲೇ ನಿಂತಿತು. ಏಕೆಂದರೆ ಸೇದಿಹೋಗಬೇಕಾದ ಕೈ ಅದೇ ಆಗಿತ್ತು.

ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದ ಅವರಿಗೆ ಕೆಂಪು ಪೆನ್ನಿಲ್ಲದ ಬದುಕು ಉಪ್ಪಿಲ್ಲದ ಸಾರಿನಂತಾಗಿತ್ತು. ಆಟಗಾರರ ಒಂದೊಂದು ಹೆಜ್ಜೆಗೂ ಅಂಕ ಹಾಕಿ ಪ್ರಕಟಿಸುವ ಕಂಪನಿಯೊಂದು ಮನೆಯಿಂದಲೇ ಮಾಡುವ ಈ ಕೆಲಸ ಕೊಟ್ಟಾಗ ಅವರಿಗೆ ಪುನರ್ಜನ್ಮ ಬಂದಂತಾಯಿತು. ಎರಡು ಷರತ್ತು: ಯಾರಿಗೂ ಹೇಳಬಾರದು; ನೆಂಟರಿಷ್ಟರ ಆಟಕ್ಕೆ ಅಂಕ ಹಾಕಬಾರದು. ಮೊದಲನೆಯದನ್ನು ಪಾಲಿಸಿದರು. (ನೆಲಮಾಳಿಗೆಯಲ್ಲಿ ಗಂಡ ಮೀನು ಹಿಡಿಯುವ ವಿಡಿಯೋ ನೋಡುತ್ತಾರೆಂದೇ ಬರ್ನಡೀನ್ ನಂಬಿದ್ದರು.) ಎರಡನೆಯದು ಆ ವಾರ ಕೆಟ್ಟಿತು. ಊರ ತಂಡಕ್ಕೆ ಅಂಕ ಹಾಕುವವನಿಗೆ ಜ್ವರ ಬಂದು ಆಟ ಇವರ ಪಾಲಿಗೆ ಬಿತ್ತು. ಒಲ್ಲೆ ಎನ್ನಬಹುದಿತ್ತು. ಆದರೆ ನಿಷ್ಪಕ್ಷಪಾತವೇ ಮೂರ್ತಿವೆತ್ತ ತಾವಲ್ಲದೆ ಮತ್ತಾರು ಎಂದು ಒಪ್ಪಿಕೊಂಡುಬಿಟ್ಟರು.

"ಅದೆಂಗೆ ಅಷ್ಟು ಕಮ್ಮಿ ಬಂತಪ್ಪ?" ಎಂದು ಬರ್ನಡೀನ್ ಅಳಿಯನನ್ನು ಕೇಳಿದರು.

ಟವೀಟಾ ಮೂರು ಪಿರೋಗಿಗಳನ್ನು ಸಾಲಾಗಿ ನಿಲ್ಲಿಸಿದ. "ಇದು ನಾನು ಅತ್ತೆ. ಇವನು ನನ್ನ ಎದುರಾಳಿ. ಹಿಂದಿರೋದು ನಮ್ಮ ಚೆಂಡೆಸೆಯೋನು. ಮೂರು ಸಲ ಎದುರಾಳಿ ನನ್ನ ದಾಟಿ ಹೋದ. ಆದ್ರೆ ಅದು ಕೋಚ್ ಹೇಳಿದ್ದ ಉಪಾಯ. ಬೇಕಂತಲೇ ಒಳಗೆ ಬಿಡೋದು, ಅವನ ತಲೆ ಮೇಲಿಂದ ಚೆಂಡು ದಾಟಿಸೋದು. ನಮ್ಮೋನು ತಡ ಮಾಡಿದ, ಬಿದ್ದ. ವಿಡಿಯೋ ನೋಡೋನಿಗೆ ಒಳಗಿನ ಮಾತು ಹೇಗೆ ಗೊತ್ತಾಗ್ಬೇಕು?"

"ನೋಡಿದ್ರಾ?" ಬರ್ನಡೀನ್ ಗಂಡನ ಕಡೆ ತಿರುಗಿದರು. "ಹೇಳಿದ ಮಾತು ಕೇಳಿದ್ದಕ್ಕೆ ಮಗುವಿಗೆ ಶಿಕ್ಷೆ."

ಮಗು ಹತ್ತನೆಯ ಪಿರೋಗಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡಿತು. ಆ ಮೂರೂ ಕಡೆ ಲಿಯೋನಾರ್ಡ್ ಹುಮ್ಮಸ್ಸಿನಿಂದ ಅಂಕ ಕತ್ತರಿಸಿದ್ದರು. ಅವನ ಜಾಗಕ್ಕೆ ಹೊಸಬನನ್ನು ಹಾಕಿ ಎಂದು ಪತ್ರಿಕೆಯವರು ಬೇರೆ ಬರೆಯತೊಡಗಿದ್ದರು. ಪ್ರಶ್ನೆಪತ್ರಿಕೆಯನ್ನೇ ಓದದೆ ಉತ್ತರಕ್ಕೆ ಅಂಕ ಹಾಕಿದೆನಲ್ಲ ಎಂದು ಮೇಷ್ಟರ ಜೀವ ಚುರುಗುಟ್ಟಿತು.

ಬೆಳಗಾಗುತ್ತಲೇ ಕಂಪನಿಗೆ ಇಮೇಲ್ ಬರೆದರು. ಮೂರು ಕಡೆ ತಿಳಿಯದೆ ತಪ್ಪು ಮಾಡಿದ್ದೇನೆ, ಕೋಚ್ ಹೇಳಿದ್ದೇ ಹಾಗೆ, ಇದು ಆಟಗಾರನ ಬಾಯಿಂದಲೇ ಬಂದ ಮಾತು. ಬಾಯಿ ಹೇಗೆ ಸಿಕ್ಕಿತೆಂದರೆ, ಅವನು ನನ್ನ ಅಳಿಯ.

ಮಧ್ಯಾಹ್ನದೊಳಗೆ ಉತ್ತರ ಬಂತು. ಅಂಕ ಅರವತ್ತಕ್ಕೆ ಏರಿತ್ತು. ಲಿಯೋನಾರ್ಡರ ಕೆಲಸ ಹೋಗಿತ್ತು.

ಮುಂದಿನ ಮಂಗಳವಾರ ಮನೆಯಲ್ಲಿ ಹಬ್ಬ. ಬರ್ನಡೀನ್ ಮಾಂಸದಂಗಡಿಗೆ ಹೋಗಿ, ಅರವತ್ತು ಎಂದು ಮೂರು ಸಲ ಹೇಳಿ, ಸಾಸೇಜ್ ತಂದಿದ್ದರು. ಎಲ್ಲರ ಮುಖ ಅರಳಿದ್ದು ಕಂಡು ಲಿಯೋನಾರ್ಡರಿಗೆ ತಡೆಯಲಾಗಲಿಲ್ಲ. ತ್ಯಾಗಿಗಳ ಗಾಂಭೀರ್ಯದಿಂದ ಎಲ್ಲವನ್ನೂ ಹೇಳಿಬಿಟ್ಟರು.

ಬರ್ನಡೀನ್ ಗಂಡನ ತಟ್ಟೆಯಲ್ಲಿದ್ದ ಸಾಸೇಜನ್ನು ವಾಪಸು ಬಾಣಲೆಗೆ ಹಾಕಿದರು.

"ಅತ್ತೆ, ಹಾಕಿ ಅವರಿಗೆ," ಎಂದ ಟವೀಟಾ. ಅವನ ಕಿವಿ ಕೆಂಪಾಗಿತ್ತು. "ಮಾವ, ಆ ಉಪಾಯ ಗಿಪಾಯ ಏನೂ ಇರಲಿಲ್ಲ. ಅವತ್ತು ನನ್ನ ಕಾಲೇ ಜಾರಿದ್ದು. ಮೂರೂ ಸಲ. ಅತ್ತೆ ಅಷ್ಟು ಪ್ರೀತಿಯಿಂದ ಬಡಿಸ್ತಾ ಇದ್ರು, ನಿಜ ಹೇಳೋಕೆ ನಾಲಿಗೆ ಬರ್ಲಿಲ್ಲ. ನೀವು ನೋಡಿದ್ದು ಸರಿಯಾಗೇ ಇತ್ತು."

ಲಿಯೋನಾರ್ಡ್ ನಿಧಾನವಾಗಿ ನೆಟ್ಟಗೆ ಕೂತರು. ಕೆಲಸ ಹೋದರೆ ಹೋಗಲಿ, ಕಣ್ಣು ಸೋತಿರಲಿಲ್ಲ. "ಅಂದ್ರೆ ನಲವತ್ತೊಂದು ಸರಿ ಅಂತಾಯ್ತು."

"ಹತ್ತಿರ ಹತ್ತಿರ," ಎಂದ ಟವೀಟಾ ಸಂಕೋಚದಿಂದ. "ತಂಡದೊಳಗೆ ಕೋಚೂ ಅಂಕ ಹಾಕ್ತಾರೆ ಮಾವ. ಅವರು ಕೊಟ್ಟಿದ್ದು ಮೂವತ್ತೆಂಟು. ಮೂರು ದಿನ ಮೈದಾನ ಸುತ್ತು ಹೊಡೆಸಿದ್ರು."

ಕ್ರಿಸ್ಟಾ ಗ್ಲಾಸು ಕೆಳಗಿಟ್ಟಳು. "ಹಾಗಾದ್ರೆ ಮೂರು ಜಾಸ್ತಿ ಬಿತ್ತು. ಅಪ್ಪ, ನಿಮ್ಮ ಕ್ಲಾಸಲ್ಲಿ ನಾನು ಅರ್ಧ ಅಂಕಕ್ಕೆ ಫೇಲಾದಾಗ ಏನಂದ್ರಿ? 'ಮಗಳಾದ್ರೇನು' ಅಂದ್ರಿ. ಬೇಸಿಗೆ ರಜೆ ಪೂರ್ತಿ ಶಾಲೆಗೆ ಹೋದೆ. ಅಳಿಯ ಅಂದ ತಕ್ಷಣ ಮೂರು ಅಂಕ ಧರ್ಮಕ್ಕೆ."

ಖಂಡಿಸಲು ಲಿಯೋನಾರ್ಡ್ ಬಾಯಿ ತೆರೆದರು. ಆಟದ ಎರಡನೆಯ ಕ್ವಾರ್ಟರಿನಲ್ಲಿ ಇನ್ನೊಂದು ಸಲ ಟವೀಟಾ ಮಣ್ಣಿಗೆ ಬಿದ್ದು, ಹೆಲ್ಮೆಟ್ಟಿನೊಳಗಿಂದ ಪೆಚ್ಚಾಗಿ ನೋಡಿದ್ದು ನೆನಪಾಯಿತು. 'ಪಾಪ, ಹುಡುಗ' ಎಂದುಕೊಂಡು ಆ ಒಂದು ತಪ್ಪನ್ನು ತಾವು ಕಾಣದವರಂತೆ ದಾಟಿ ಹೋದದ್ದೂ ನೆನಪಾಯಿತು. ಮತ್ತೆ ತಟ್ಟೆಯೊಳಗೆ ಮುಖವಿಟ್ಟರು.

ಬರ್ನಡೀನ್ ಅಷ್ಟರಲ್ಲೇ ಗಂಡನನ್ನು ಅರ್ಥಮಾಡಿಕೊಂಡರು. ಆಮೇಲೆ ಬಾಣಲೆಯಿಂದ ದೊಡ್ಡ ಸಾಸೇಜನ್ನೇ ಆರಿಸಿ ಅವರ ತಟ್ಟೆಗೆ ಹಾಕಿದರು.

"ತಿನ್ನಿ," ಎಂದರು. "ತಿಂದಾದ್ಮೇಲೆ ಈ ಮೂರು ಅಂಕದ ವಿಷಯಾನೂ ಕಂಪನಿಗೆ ಬರೆದು ತಿಳಿಸ್ತೀರೋ, ನಾನೇ ಬರೀಲೋ?"